ಹತ್ತೊಂಬತ್ತನೇ ಕುರ್ಚಿ ಕೊನೆಗೆ

ನೀರು ಸರಬರಾಜು ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿ ಆಗ ಇದ್ದದ್ದು ಇಬ್ಬರೇ: ನಾನು, ಪಟ್ಟಿ ಅಕ್ಕ. ಆ ಹೆಸರಿಟ್ಟವಳೂ ನಾನೇ. ಮೂವತ್ತೊಂದು ಕಂಪ್ಯೂಟರುಗಳ ಸಾಫ್ಟ್‌ವೇರ್ ಲೈಸೆನ್ಸುಗಳ ಪಟ್ಟಿಯೆಲ್ಲ ಅವರ ಉದ್ದನೆಯ ನೋಟ್‌ಬುಕ್ಕಿನಲ್ಲಿತ್ತು. ಒಮ್ಮೆ ದೂರು ದಾಖಲಿಸುವ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂತು. ತಿಂಗಳ ಕೊನೆಯೊಳಗೆ ಎಲ್ಲ ಲೈಸೆನ್ಸುಗಳನ್ನೂ ಹೊಸದಕ್ಕೆ ಬದಲಾಯಿಸಬೇಕು. ಬದಲಾಯಿಸಿದ ಮೇಲೆ ಹಳೆಯದು ಮತ್ತೆ ತೆರೆಯದು.

ನನಗೋ ಅವಸರ. ಅಕ್ಕ ಮಾತ್ರ ಒಬ್ಬೊಬ್ಬರ ಪಕ್ಕದಲ್ಲೂ ಅರ್ಧ ಗಂಟೆ ಕೂತು, ಅವರು ಕೆಲಸ ಮಾಡುವ ರೀತಿ ನೋಡಿ, ಆಮೇಲೆ ದಿನಾಂಕ ಬರೆಯುತ್ತಿದ್ದರು. ಹತ್ತೊಂಬತ್ತನೇ ಕುರ್ಚಿಯ ಮುಂದೆ ‘ಕೊನೆಗೆ’ ಎಂದಷ್ಟೇ ಬರೆದಿತ್ತು.

ಅಲ್ಲಿ ಕೂರುತ್ತಿದ್ದವರು ರೇಡಿಯೋ ಮಾವ. ಕಣ್ಣು ಕಾಣದು. ಕಂಪ್ಯೂಟರ್ ಓದಿ ಹೇಳಿದ್ದನ್ನು ಹೆಡ್‌ಫೋನಿನಲ್ಲಿ ಕೇಳಿಸಿಕೊಂಡು, ಬೆರಳ ನೆನಪಿನಿಂದಲೇ ದೂರು ದಾಖಲಿಸುತ್ತಿದ್ದರು. ಹೊಸದರಲ್ಲಿ ಕೀಗಳೆಲ್ಲ ಅದಲುಬದಲು. ಮಾವನ ಕೈಲಾಗದಿದ್ದರೆ ಮನೆಗೆ ಕಳಿಸೋಣ ಎಂದು ಸಾಹೇಬರು ಆಗಲೇ ಅಂದುಬಿಟ್ಟಿದ್ದರು. ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿತ್ತು.

"ಊಟದ ಹೊತ್ತಲ್ಲೂ ಬಾಗಿಲು ಹಾಕ್ಕೊಂಡು ಏನ್ ಮಾಡ್ತೀರಕ್ಕ? ಆಮೆನೇ ನಿಮಗಿಂತ ವಾಸಿ!" ಎಂದು ರೇಗಿದೆ.

"ತಾಳಿದವನು ಬಾಳಿಯಾನು ಕಣೇ. ಹೋಗು, ಊಟ ಮಾಡು."

ಒಂದು ಶುಕ್ರವಾರ ಅಕ್ಕ ರಜೆ ಹಾಕಿದ್ದರು. ನಾನು ಕೂತಲ್ಲೇ ಎಲ್ಲ ಲೈಸೆನ್ಸುಗಳನ್ನೂ ಒಂದೇ ಏಟಿಗೆ ಬದಲಾಯಿಸಿ, ಭೇಷ್ ಎಂದು ಬೆನ್ನು ತಟ್ಟಿಕೊಂಡೆ. ‘ಕೊನೆಗೆ’ ಎಂಬುದು ನೆನಪಾದದ್ದು ಮಾವ ಕರೆದಾಗಲೇ.

"ಮಗಳೇ, ಇದ್ಯಾಕೋ ಏನೇನೋ ಓದ್ತಿದೆ. ನಾನೇನಾದ್ರೂ ತಪ್ಪು ಒತ್ತಿಬಿಟ್ನಾ?"

ಅಯ್ಯೋ, ತಪ್ಪು ಮಾಡಿದವಳು ನಾನು, ಹೆದರಿದವರು ಅವರು! ಅಳುತ್ತಲೇ ಅಕ್ಕನಿಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ, ಅರ್ಧ ಗಂಟೆಯಲ್ಲಿ ಬಂದೇಬಿಟ್ಟರು. ಮಾವನ ಪಕ್ಕ ಕುರ್ಚಿ ಎಳೆದುಕೊಂಡು, ಮಾನಿಟರ್ ಆರಿಸಿ, ಕಣ್ಣು ಮುಚ್ಚಿಕೊಂಡರು.

"ಅಣ್ಣ, ಕೈ ಕೊಡಿ. ಶುರು ಮಾಡೋದು ಇಲ್ಲಿ, ಉಳಿಸೋದು ಇಲ್ಲಿ. ಹಳೇ ದೂರು ಹುಡುಕೋ ಕೀ ಮಾತ್ರ ಸ್ವಲ್ಪ ತರಲೆ. ನನಗೇ ನಾಲ್ಕು ದಿನ ಹಿಡೀತು."

"ಕಣ್ಣಿದ್ದೂ ನಾಲ್ಕು ದಿನವೇನಮ್ಮ?"

"ಕಣ್ಣು ಬಿಟ್ಕೊಂಡು ಕಲಿತಿದ್ರೆ ನಿಮಗೆ ಹೇಗೆ ಹೇಳಿಕೊಡ್ಲಿ?"

ಬಾಗಿಲು ಹಾಕಿಕೊಂಡು ಮಾಡುತ್ತಿದ್ದದ್ದು ಇದು! ಆಮೆ ಎಂದ ಬಾಯಿಗೆ ನಾಚಿಕೆಯಾಯಿತು. ಶನಿವಾರ, ಭಾನುವಾರ ಇಬ್ಬರೂ ಅಲ್ಲೇ ಕೂತರು. ನಾನು ನೀರು ತಂದುಕೊಡುತ್ತಿದ್ದೆ. ಸೋಮವಾರ ಸಾಹೇಬರು ಬಂದು ಹಿಂದೆ ನಿಂತಾಗ ಮಾವ ಒಂಬತ್ತನೇ ದೂರು ದಾಖಲಿಸುತ್ತಿದ್ದರು. ಸಾಹೇಬರು ಅದು ಮುಗಿಯುವವರೆಗೂ ನೋಡಿ ಹೊರಟುಹೋದರು.

ಪಟ್ಟಿ ಅಕ್ಕ ನಿವೃತ್ತರಾಗಿ ಎರಡು ವರ್ಷವಾಯಿತು. ನೋಟ್‌ಬುಕ್ ಈಗ ನನ್ನ ಬಳಿ ಇದೆ. ಈ ತಿಂಗಳು ಮತ್ತೊಂದು ಆವೃತ್ತಿ ಬಂದಿದೆ. ಮಾವನಿಗೆ ಇನ್ನೊಂದು ವರ್ಷದ ಕೆಲಸ ಉಳಿದಿದೆ. ಹತ್ತೊಂಬತ್ತರ ಮುಂದೆ ‘ಕೊನೆಗೆ’ ಎಂದು ಬರೆದಿದ್ದೇನೆ. ಊಟದ ಹೊತ್ತಿಗೆ ಬಾಗಿಲು ಹಾಕಿಕೊಂಡು ಮಾನಿಟರ್ ಆರಿಸುತ್ತೇನೆ. ಹುಡುಕುವ ಕೀ ಈ ಸಲವೂ ತರಲೆಯೇ. ಆರು ದಿನವಾಯಿತು, ನನ್ನ ಬೆರಳಿಗಿನ್ನೂ ಸಿಕ್ಕಿಲ್ಲ.