ಮೊಲ್ದಾಲಿಯ ಎಡ ತೊಡೆ

ಎಸೆನ್‌ಕುಲ್ ಕುದುರೆಗಳಿಗೆ ಲಾಳ ಹೊಡೆಯುವವನು. ಕೊಕ್‌ಬೆಲ್ ಕಣಿವೆಯಲ್ಲಿ ಅವನ ಕೈ ತಾಗದ ಗೊರಸು ಇರಲಿಲ್ಲ. ಆದರೆ ಅವನ ಮನೆಯಲ್ಲಿ ನೆಮ್ಮದಿಯಾಗಿ ಕೂತು ಚಹಾ ಕುಡಿದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಕಾರಣ ಅವನ ಅಪ್ಪ ಚೊರೊಬೆಕ್. ಎಸೆನ್‌ಕುಲ್ ಆರು ವರ್ಷದವನಿದ್ದಾಗ, ಹೊಸ ಸರ್ಕಾರದ ದೊಡ್ಡ ಮನುಷ್ಯ ಕಮಿಸಾರ್ ಬೈಸಾಲ್‌ನನ್ನು ಕಣಿವೆಯ ದಾರಿಯಲ್ಲಿ ಯಾರೋ ಹೊಂಚು ಹಾಕಿ ಕೊಂದರು. ಸರ್ಕಾರ ಚೊರೊಬೆಕ್‌ನನ್ನು ಹಿಡಿದೊಯ್ದು ಗುಂಡಿಕ್ಕಿತು, ಹೆಣವನ್ನೂ ಕೊಡಲಿಲ್ಲ. ಬೈಸಾಲ್ ಕಲ್ಲಿನ ಮೂರ್ತಿಯಾಗಿ ಶಾಲೆಯ ಮುಂದೆ ನಿಂತ. ಮಕ್ಕಳು ಅವನ ಪಾಠ ಓದಿ ಮುಗಿಸಿದಾಗ ಇಡೀ ತರಗತಿ ಹಿಂದಕ್ಕೆ ತಿರುಗಿ ಎಸೆನ್‌ಕುಲ್‌ನನ್ನು ನೋಡುತ್ತಿತ್ತು. ಮುಂದೆ ಯುದ್ಧಕ್ಕೆ ಕರೆದಾಗಲೂ ಅವನ ಕೈಗೆ ಬಂದೂಕು ಕೊಡಲಿಲ್ಲ, ಗುದ್ದಲಿ ಕೊಟ್ಟರು.

ಅಪ್ಪ ನಿರಪರಾಧಿ ಎಂಬ ನಂಬಿಕೆಯೊಂದೇ ಅವನ ಆಸ್ತಿ. ಅದಕ್ಕೆ ಆಧಾರವೂ ಇತ್ತು. ಸಾಯುವ ಮುನ್ನ ಬೈಸಾಲ್ ತಾನೂ ಒಂದು ಗುಂಡು ಹಾರಿಸಿದ್ದ. ಹಿಮದ ಮೇಲೆ ರಕ್ತದ ಹನಿಗಳು ಹಳ್ಳದವರೆಗೆ ಸಾಲಾಗಿ ಹೋದದ್ದನ್ನು ಊರೇ ಕಂಡಿತ್ತು. ಅಂದಮೇಲೆ ಕೊಂದವನಿಗೂ ಗಾಯವಾಗಿರಬೇಕು. "ನನ್ ಗಂಡನ ಮೈಮೇಲೆ ಒಂದು ಗೀರೂ ಇರ್ಲಿಲ್ಲ" ಎಂದು ಅಮ್ಮ ಸಾಯುವತನಕ ಹೇಳಿದಳು. ಆ ಕಾಲದ ಸರ್ಕಾರಕ್ಕೆ ಗಾಯ ಹುಡುಕುವಷ್ಟು ತಾಳ್ಮೆ ಎಲ್ಲಿತ್ತು.

ಐವತ್ತೆಂಟು ವರ್ಷ ಕಳೆದು, ಹಳೆಯ ಶಿಕ್ಷೆಗಳನ್ನೆಲ್ಲ ಮತ್ತೆ ಕೆದಕಿ ನೋಡುವ ಕಾಲ ಬಂದಾಗ ಮೊಲ್ದಾಲಿ ಬಾಯಿಬಿಟ್ಟ. ಕುರಿ ಕಾಯುತ್ತಲೇ ಮುದುಕನಾದವನು, ಎಡಗಾಲು ಎಳೆದು ನಡೆಯುವವನು, ಯಾರ ಗೊಡವೆಗೂ ಹೋಗದವನು. ಹಾಸಿಗೆ ಹಿಡಿದಿದ್ದ. "ಬೈಸಾಲ್‌ನ ಹೊಡೆದಿದ್ದು ನಾನು. ಅವನ ಗುಂಡು ಇನ್ನೂ ನನ್ನ ಎಡ ತೊಡೇಲಿದೆ" ಎಂದು ಹೇಳಿ ಕಳಿಸಿದ.

ಹಳೆಯ ಮೊಕದ್ದಮೆಗಳನ್ನು ನೋಡುವ ಸಮಿತಿಯಿಂದ ಆಸಿಲ್‌ಕಾನ್ ಎಂಬ ಹೆಂಗಸು ಪಟ್ಟಣದಿಂದ ಬಂದಳು. ಸುಲಭಕ್ಕೆ ನಂಬುವವಳಲ್ಲ.

"ಅಜ್ಜ, ಈ ವರ್ಷ ನಂಗೆ ಸಿಕ್ಕಿರೋ ಮೂರನೇ ಕೊಲೆಗಾರ ನೀವು. ಒಬ್ಬರಿಗೆ ಪಿಂಚಣಿ ಸಾಲ್ತಿರ್ಲಿಲ್ಲ, ಇನ್ನೊಬ್ಬರನ್ನ ಸೊಸೆ ಮಾತಾಡಿಸ್ತಿರ್ಲಿಲ್ಲ. ನಿಮಗೇನು ಕೊರತೆ?"

"ಆಯಸ್ಸು ಕೊರತೆ, ಮಗಳೇ" ಎಂದ ಮೊಲ್ದಾಲಿ.

ಅವನು ಹೇಳಿದ ಬಂಡೆ, ದಾರಿಯ ತಿರುವು, ಅವತ್ತಿನ ಗಾಳಿ ಎಲ್ಲವೂ ಸರಿಯಾಗಿತ್ತು. ಆದರೆ ಅದೆಲ್ಲ ಊರಿನ ನಾಯಿಗೂ ಗೊತ್ತಿತ್ತು. ಅವನ ಕುಂಟು ಯುದ್ಧದಲ್ಲಿ ಮಂಡಿಗೆ ಬಿದ್ದ ಪೆಟ್ಟಿನಿಂದ ಬಂದದ್ದು ಎಂದೇ ಎಲ್ಲರೂ ತಿಳಿದಿದ್ದರು. ಉಳಿದದ್ದು ತೊಡೆಯ ಗುಂಡೊಂದೇ. ಡಾಕ್ಟರನ್ನು ಕರೆಸುತ್ತೇನೆ ಎಂದಳು ಆಸಿಲ್‌ಕಾನ್.

"ಹೆಂಡ್ತಿಗೇ ಬೆಳಕಲ್ಲಿ ತೋರ್ಸಿಲ್ಲ, ಡಾಕ್ಟರಿಗೆ ತೋರಿಸ್ತೀನಾ? ಸತ್ತಮೇಲೆ ಎಸೆನ್‌ಕುಲ್ ನನ್ನ ತೊಳೀಲಿ. ಅವನನ್ನೇ ಕೇಳು."

ಪಕ್ಕದಲ್ಲೇ ಕೂತಿದ್ದ ಎಸೆನ್‌ಕುಲ್‌ನ ಮಣಿಕಟ್ಟನ್ನು ಮುದುಕ ಹಿಡಿದುಕೊಂಡ. "ಅಷ್ಟು ಹೊಡೆತ ತಿಂದ್ರೂ ನಿಮ್ಮಪ್ಪ ನನ್ನ ಹೆಸರು ಹೇಳ್ಲಿಲ್ಲ ಕಣೋ" ಎಂದ.

ಎಸೆನ್‌ಕುಲ್ ಮನೆಗೆ ಬಂದು ಹೆಂಡತಿ ಬುರುಲ್ ಎದುರು ಮಗುವಿನಂತೆ ಅತ್ತ. ಅಪ್ಪ ನಿರಪರಾಧಿ ಮಾತ್ರವಲ್ಲ, ಕೊಲೆಗಾರ ಯಾರೆಂದು ಗೊತ್ತಿದ್ದೂ ಅವನನ್ನು ಹಿಡಿದುಕೊಡದ ದೊಡ್ಡ ಮನುಷ್ಯ. ಬುರುಲ್ ಅವನ ಬೆನ್ನು ಸವರಿದಳು.

ಹಿಮ ಕರಗುವ ಹೊತ್ತಿಗೆ ಮೊಲ್ದಾಲಿ ತೀರಿಕೊಂಡ. ಅಂಗಳದಲ್ಲಿ ಉಣ್ಣೆಗಂಬಳಿಯ ಗುಡಾರ ಎಬ್ಬಿಸಿ ಹೆಣವನ್ನು ಒಳಗಿಟ್ಟರು. ತೊಳೆಯಲು ಹೋದವರು ನಾಲ್ವರು. ಹೊರಗೆ ಹೆಂಗಸರು ರಾಗವಾಗಿ ಅಳುತ್ತಿದ್ದರು, ಒಳಗೆ ನೀರು ಸುರಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕುಂಟುಗಾಲು ಹಲಗೆಯ ಮೇಲೆ ನೆಟ್ಟಗೆ, ಇನ್ನೊಂದು ಕಾಲಿಗೆ ಸಮನಾಗಿ ಚಾಚಿಕೊಂಡಿತ್ತು. ಮುಚ್ಚಿದ ಎಡಗಣ್ಣು ಮತ್ತೆ ತೆರೆದುಕೊಂಡಿತು. ಹಿರಿಯನೊಬ್ಬ ಅದನ್ನು ಮುಚ್ಚಿದ. ಅದು ಮತ್ತೆ ತೆರೆಯಿತು.

ಹೊಕ್ಕುಳಿನಿಂದ ಮಂಡಿಯವರೆಗೆ ಬಟ್ಟೆ ಹೊದಿಸಿತ್ತು. ಅದರಡಿ ಯಾರ ಕಣ್ಣೂ ಹೋಗಬಾರದು. ಬಟ್ಟೆಯ ಚೀಲ ತೊಟ್ಟ ಒಂದೇ ಕೈ ಹೋಗಬೇಕು, ಸತ್ತವನು ಹೆಸರಿಸಿದವನ ಕೈ. ಎಸೆನ್‌ಕುಲ್ ಕೈ ತೂರಿಸಿದ. ಗೊರಸಿನೊಳಗೆ ಮುರಿದ ಮೊಳೆಯನ್ನು ಕಣ್ಣುಮುಚ್ಚಿ ಹುಡುಕಬಲ್ಲ ಕೈ ಅದು. ಎಡ ತೊಡೆಯನ್ನು ಮೇಲಿನಿಂದ ಕೆಳಗೆ ಸವರಿದ, ಹಿಂಬದಿ ಒತ್ತಿ ನೋಡಿದ. ನುಣ್ಣಗಿತ್ತು. ಬಲ ತೊಡೆಯನ್ನೂ ನೋಡಿದ. ಅದೂ ನುಣ್ಣಗಿತ್ತು. ಇದ್ದ ಒಂದೇ ಕಲೆ ಬಟ್ಟೆಯ ಹೊರಗೆ ಮಂಡಿಯ ಮೇಲಿತ್ತು, ಅದು ಯುದ್ಧದ್ದು.

ಆಗ ಅವನ ಮೂಗಿಗೆ ಸುಟ್ಟ ಉಣ್ಣೆಯ ವಾಸನೆ ಬಡಿಯಿತು. ಗುಡಾರದಲ್ಲಿ ಬೆಂಕಿಯಿರಲಿಲ್ಲ. ಉಳಿದ ಮೂವರು ಮೂಗು ಅರಳಿಸಲಿಲ್ಲ.

ಆ ವಾಸನೆಯನ್ನು ಅವನು ಬಲ್ಲ. ಅಪ್ಪನನ್ನು ಹಿಡಿದೊಯ್ಯುವ ಮುಂಚಿನ ದಿನಗಳು. ಅಮ್ಮ ಕಂಬಳಿಯ ಚೂರು ಸುಟ್ಟು, ಬಿಸಿ ಬೂದಿಯನ್ನು ಪರದೆಯ ಹಿಂದಕ್ಕೆ ಒಯ್ಯುತ್ತಿದ್ದಳು. ಗಾಯದ ರಕ್ತ ನಿಲ್ಲಿಸಲು ಇಲ್ಲಿ ಎಲ್ಲರೂ ಹಾಕುವುದು ಅದನ್ನೇ. ಪರದೆ ಸರಿಸಿ ತೊಡೆಯೇರಲು ಹೋದ ಆರು ವರ್ಷದ ಮಗನನ್ನು ಅಪ್ಪ ಕಿರುಚಿ ದೂರ ತಳ್ಳಿದ್ದ. ಅಪ್ಪನ ಮೇಲೆ ಬಿಸಿನೀರು ಬಿದ್ದಿದೆ ಎಂದು ಅಮ್ಮ ಹೇಳಿದಳು, ಇವನು ನಂಬಿದ. ಅಮ್ಮ ಹೇಳಿದ್ದನ್ನು ಯಾವ ಮಗು ಪರೀಕ್ಷೆ ಮಾಡುತ್ತದೆ?

ಅಪ್ಪ ಹೆಸರು ಹೇಳಲಿಲ್ಲ, ನಿಜ. ಗುಂಡು ಹಾರಿಸಿದವನು ಅಪ್ಪ. ಮುಚ್ಚಿಡಲು ಒಂದು ಹೆಸರಿತ್ತು ಎಂದರೆ ಜೊತೆಗೆ ಇನ್ನೊಬ್ಬ ಬಂದಿದ್ದ, ಆಗ ಹದಿನೇಳರ ಹುಡುಗನಾಗಿದ್ದ ಮೊಲ್ದಾಲಿ. ಆ ಹುಡುಗನ ಹೆಸರನ್ನು ಅಪ್ಪ ಹೊಟ್ಟೆಯಲ್ಲಿಟ್ಟುಕೊಂಡು ಸತ್ತ.

"ಏನೋ, ಕೈ ಯಾಕ್ ನಿಂತ್ಬಿಡ್ತು?" ಎಂದ ನೀರು ಹೊಯ್ಯುತ್ತಿದ್ದವನು.

"ನೀರು ತಣ್ಣಗಿದೆ."

ನೀರಿನಿಂದ ಹಬೆ ಏಳುತ್ತಿತ್ತು. ಮೊಲ್ದಾಲಿಯ ಎಡಗಣ್ಣು ಅರ್ಧ ತೆರೆದು ಅವನನ್ನೇ ನೋಡುತ್ತಿತ್ತು. ಎಸೆನ್‌ಕುಲ್‌ಗೆ ನಾಚಿಕೆ ಬಿಟ್ಟು ಓಡಬೇಕೆನಿಸುವಷ್ಟು ಹೆದರಿಕೆಯಾಯಿತು. ಬೇರೆ ಯಾರ ಕೈಯೂ ಅಲ್ಲಿಗೆ ಬರದಂತೆ ಮುದುಕ ಮೊದಲೇ ಲೆಕ್ಕ ಹಾಕಿದ್ದ.

ಹೆಣದ ಮುಂದೆ ಪ್ರಾರ್ಥನೆಗೆ ನಿಂತಾಗ ಮುಲ್ಲಾ ವಾಡಿಕೆಯಂತೆ ಕೇಳಿದ, "ಈತ ಎಂಥ ಮನುಷ್ಯನಾಗಿದ್ದ?" ಎಲ್ಲರೂ ಒಟ್ಟಿಗೆ ಒಳ್ಳೆಯವನೆಂದು ಸಾಕ್ಷಿ ಹೇಳಬೇಕು. ಯಾರೂ ತುಟಿ ಬಿಚ್ಚಲಿಲ್ಲ. ಬೈಸಾಲ್‌ನನ್ನು ಕೊಂದವನಿಗೆ, ತನ್ನ ಪಾಪಕ್ಕೆ ಇನ್ನೊಬ್ಬನನ್ನು ಸಾಯಲು ಬಿಟ್ಟವನಿಗೆ, ಹೇಗೆ ಹೇಳುವುದು?

"ಒಳ್ಳೇ ಮನುಷ್ಯ" ಎಂದ ಎಸೆನ್‌ಕುಲ್. ಅವನ ಹಿಂದೆಯೇ ಇಡೀ ಊರು ಹೇಳಿತು. ಎಂಥ ದೊಡ್ಡ ಮನಸ್ಸು ಇವನದು ಎಂದು ಕೆಲವರು ಕಣ್ಣೊರೆಸಿಕೊಂಡರು.

ಆಸಿಲ್‌ಕಾನ್ ಬೇಲಿಯಾಚೆ ಕಾಯುತ್ತಿದ್ದಳು.

"ದೊಡ್ಡಪ್ಪ, ತೊಳೆದವರು ಕಂಡದ್ದನ್ನ ಹೊರಗೆ ಹೇಳಬಾರ್ದು ಅಂತ ನಂಗೂ ಗೊತ್ತು. ಆದ್ರೆ ನೀವು ಹೇಳ್ದಿದ್ರೆ ನಿಮ್ಮಪ್ಪನ ಹೆಸರು ಹಂಗೇ ಉಳಿಯತ್ತೆ. ನಾನು ಬರ್ಕೊಳ್ಳೋದು ನಿಮ್ಮ ಒಂದೇ ಮಾತನ್ನ."

ವಾಡಿಕೆಯ ಹಿಂದೆ ಅಡಗಿಕೊಂಡು ಸುಮ್ಮನಿದ್ದುಬಿಡಬಹುದಿತ್ತು. ಇಲ್ಲ ಎಂದೂ ಹೇಳಬಹುದಿತ್ತು, ಅದೇ ಸತ್ಯ. ಆದರೆ ಹಾಗೆಂದರೆ ಮುದುಕ ಊರ ಬಾಯಲ್ಲಿ ಬರೀ ಅರಳುಮರಳಿನವನಾಗುತ್ತಾನೆ, ಅಪ್ಪ ಮತ್ತೆ ಕೊಲೆಗಾರನಾಗುತ್ತಾನೆ.

"ಇತ್ತು" ಎಂದ. "ಗುಂಡು ಇನ್ನೂ ಒಳಗೇ ಇತ್ತು. ಕೈಗೆ ಸಿಕ್ತು."

"ಯಾವ ಕಾಲು?"

"ಎಡಗಾಲು."

ಅವಳು ಅವನ ಮುಖವನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಎರಡೂ ಕೈಯಿಂದ ಅವನ ಕೈ ಹಿಡಿದು ಕುಲುಕಿದಳು.

ಆ ಗುರುವಾರ ಬುರುಲ್ ಎಂದಿನಂತೆ ತೀರಿಹೋದವರಿಗಾಗಿ ಎಣ್ಣೆಯಲ್ಲಿ ರೊಟ್ಟಿ ಕರಿಯಲು ಕೂತಳು. ಎಣ್ಣೆಯ ವಾಸನೆ ಅವರಿಗೆ ಮುಟ್ಟುತ್ತದೆ. ಒಂದೊಂದು ರೊಟ್ಟಿಗೆ ಒಂದೊಂದು ಹೆಸರು, ಮೊದಲನೆಯದು ಯಾವಾಗಲೂ ಮಾವನದು.

"ಇವತ್ತು ಮೊದಲ್ನೇದು ಮೊಲ್ದಾಲಿ ಹೆಸರಲ್ಲಿ ಹಾಕು" ಎಂದ ಎಸೆನ್‌ಕುಲ್.

ಬುರುಲ್ ಮುಖವೆತ್ತಿ ಗಂಡನನ್ನು ನೋಡಿದಳು.

"ಅವನ ತೊಡೇಲಿ ಏನೂ ಇರ್ಲಿಲ್ಲ, ಬುರುಲ್. ಗುಂಡು ಅಪ್ಪನ ಮೈಯಲ್ಲಿತ್ತು."

ಅವಳು ಲಟ್ಟಿಸಿದ ಹಿಟ್ಟನ್ನು ಕೈಗೆತ್ತಿಕೊಂಡಳು.

"ಗೊತ್ತು" ಎಂದಳು. "ಅತ್ತೆ ಸಾಯೋ ಮುಂಚೆ ಹೇಳಿದ್ರು. ಅವನಿಗೆ ಮಾತ್ರ ಹೇಳ್ಬೇಡ, ಬದುಕೋಕೆ ಅವನಿಗೆ ಬೇರೇನೂ ಇಲ್ಲ ಅಂದಿದ್ರು."

ಆಮೇಲೆ ಮೊಲ್ದಾಲಿಯ ಹೆಸರು ಹೇಳಿ ರೊಟ್ಟಿಯನ್ನು ಎಣ್ಣೆಗೆ ಬಿಟ್ಟಳು.