ಮಾವ ಹಿಡಿದ ಸೀಟು

ದೆವ್ವ ಗಿವ್ವ ಅಂದರೆ ನಗುವವಳು ನಾನು. ಓಣಿಯಲ್ಲಿ ಯಾರಾದರೂ ಅಂಥ ಮಾತು ತೆಗೆದರೆ, "ಸಾಕು ಬಿಡ್ರೀ, ಬದುಕಿದ್ದವರ ಕಾಟನ ತಾಳಾಕಾಗವಲ್ದು" ಎಂದು ಎದ್ದು ಬರುತ್ತಿದ್ದೆ. ಈಗ ನನ್ನದೇ ಕಥೆ ಹೇಳಬೇಕಾಗಿದೆ. ನಗುವುದಿದ್ದರೆ ನಗಿರಿ, ನನಗೇನೂ ಬೇಜಾರಿಲ್ಲ.

ನಮ್ಮೂರು ಕೊಟ್ಟೂರು. ಮನೆಯಲ್ಲಿ ನಾನು, ಗಂಡ, ಅವ್ವ. ಕೂಡ್ಲಿಗಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡುವ ಕೆಲಸ ನನ್ನದು. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆದ ಮೇಲಂತೂ ಬೆಳಿಗ್ಗೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಅವ್ವನ ತಮ್ಮ ಕೊಟ್ರಪ್ಪ ಮಾವ ದಿನಾ ಚಹಾ ಕುಡಿಯಲು ಬಸ್ ಸ್ಟ್ಯಾಂಡಿಗೆ ಬರುವವನು, ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ತನ್ನ ಕೆಂಪು ಚೌಕಳಿಯ ಟವೆಲ್ ಎಸೆದು ನನಗೆ ಸೀಟು ಹಿಡಿಯುತ್ತಿದ್ದ. "ಹತ್ತವ್ವಾ, ನಿನ್ನ ಸಿಂಹಾಸನ ಕಾಯಾಕ ಹತ್ತೈತಿ" ಅನ್ನುವನು. ನಾನು ಕೂತು ಟವೆಲ್ಲನ್ನು ಕಿಟಕಿಯಿಂದ ಚಾಚಿದರೆ ಇಸ್ಕೊಂಡು ಹೋಗುವನು. ಒಂದು ದಿನ ಎದೆನೋವು ಎಂದವನು ಸಂಜೆಯೊಳಗೆ ಹೋಗಿಯೇಬಿಟ್ಟ.

ಅವನು ಸತ್ತು ಮೂರು ತಿಂಗಳಿಗೆ ನಾನು ಬಸುರಾದೆ. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. "ಇದಾದ್ರೂ ಉಳೀಬೇಕಂದ್ರ ಬಸ್ಸಿನ್ಯಾಗ ನಿಂತು ಹೋಗಬ್ಯಾಡಮ್ಮ" ಎಂದರು ಡಾಕ್ಟರು. ಕೆಲಸ ಬಿಡುವ ಹಾಗಿರಲಿಲ್ಲ. ಮರುದಿನ ದೇವರ ಮೇಲೆ ಭಾರ ಹಾಕಿ ಬಸ್ಸು ಹತ್ತಿದೆ. ಜನ ಒಬ್ಬರ ಮೇಲೊಬ್ಬರು. ಒಂದು ಸೀಟಿನ ಮೇಲೆ ಮಾತ್ರ ಕೆಂಪು ಚೌಕಳಿಯ ಟವೆಲ್ ಬಿದ್ದಿತ್ತು.

"ಬರ್ರಿ, ನಿಮಗ ಅಂತ ಹಾಕ್ಯಾರ" ಎಂದಳು ಪಕ್ಕದಾಕೆ.

"ಯಾರ್ರೀ?"

"ಯಾರೋ ಹೊರಗಿಂದ ಹೇಳಿದ್ರು. ಮಾರಿ ನೋಡ್ಲಿಲ್ರೀ."

ಕೂತೆ. ರೂಢಿ ನೋಡಿ, ಕೈ ತಾನೇ ಟವೆಲ್ಲನ್ನು ಕಿಟಕಿಯಾಚೆ ಚಾಚಿತು. ಯಾರೋ ಇಸ್ಕೊಂಡರು. ತಿರುಗಿ ನೋಡುವ ಧೈರ್ಯ ನನಗೆ ಬರಲಿಲ್ಲ.

ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಕಂಡಕ್ಟರನನ್ನು ಕೇಳಿದರೆ, "ನೀವ ಯಾರ ಕಡಿಂದಾದ್ರೂ ಹಾಕಿಸ್ತೀರಿ ಅನ್ಕೊಂಡಿದ್ದೆ" ಎಂದ. ಬರಬರುತ್ತಾ ಹೆದರಿಕೆ ಹೋಗಿ ಸಲಿಗೆ ಬಂತು. ಒಂದು ದಿನ ಟವೆಲ್ ಚಾಚುತ್ತಾ ಬೈದೇಬಿಟ್ಟೆ: "ಮಾವ, ಇದು ಗಾಲಿ ಮ್ಯಾಲಿನ ಸೀಟು. ಹೊಟ್ಟಿ ಕುಲುಕ್ತೈತಿ. ನಿನಗ ಅಷ್ಟೂ ತಿಳಿಯಂಗಿಲ್ಲೇನು?" ಮರುದಿನ ಟವೆಲ್ ಎರಡು ಸಾಲು ಮುಂದಿತ್ತು. ನಗು ಬಂತು, ಕಣ್ಣೂ ತುಂಬಿತು. ಆಮೇಲೆ ದಿನಾ ಟವೆಲ್ ಕೊಡುವಾಗ ಒಂದು ಮಾತು ಹೇಳುತ್ತಿದ್ದೆ. ಕೂಸು ಒದ್ದದ್ದನ್ನು ಮೊದಲು ಹೇಳಿದ್ದೂ ಅವನಿಗೇ.

ಏಳು ತಿಂಗಳು ತುಂಬಿದಾಗ, "ನಾಳಿಂದ ಬರಂಗಿಲ್ಲ ಮಾವ. ಇಲ್ಲೀತನಕ ತಂದು ಮುಟ್ಟಿಸಿದಿ" ಎಂದು ಟವೆಲ್ ಚಾಚಿದೆ. ಯಾರೂ ಇಸ್ಕೊಳ್ಳಲಿಲ್ಲ. ಆವತ್ತೇ ಮೊದಲ ಸಲ ಹೊರಗೆ ನೋಡಿದೆ. ಕಿಟಕಿಯ ಕೆಳಗೆ ಯಾರೂ ಇರಲಿಲ್ಲ. ಬಸ್ಸು ಹೊರಟಿತು, ಟವೆಲ್ ನನ್ನ ಕೈಯಲ್ಲೇ ಉಳಿಯಿತು.

ಮನೆಯಲ್ಲಿ ಅವ್ವ ಅದನ್ನು ಕಂಡಳು. ಒಮ್ಮೆ ಅದರ ಮೇಲೆ ಕೈಯಾಡಿಸಿದಳು. ಬಿಸಿನೀರಿನಲ್ಲಿ ಒಗೆದು, ಬಾಣಂತನಕ್ಕೆ ಎತ್ತಿಟ್ಟ ಹಳೆ ಬಟ್ಟೆಗಳ ಮೇಲಿಟ್ಟಳು. "ಹಿರೇರ ಅರಿವಿ ಕೂಸಿಗೆ ಮೆತ್ತಗಿರತೈತಿ" ಎಂದಳು, ಅಷ್ಟೇ.

ಮಗಳು ಈಗ ಗೋಡೆ ಹಿಡಿದು ನಡೆಯುತ್ತಾಳೆ. ಯಾರೋ ಪುಣ್ಯಾತ್ಮ ಬಸುರಿ ಅಂತ ನೋಡಿ ಸೀಟು ಹಿಡಿದಿರಬೇಕು ಅನ್ನುತ್ತಾರೆ ನನ್ನ ಗಂಡ. ಇರಬಹುದು, ವಾದ ಮಾಡುವುದಿಲ್ಲ. ಆದರೆ ಆ ಮೊದಲ ದಿನ ನನಗೆ ಹೊಟ್ಟೆಯೇ ಬಂದಿರಲಿಲ್ಲ. ಮೂರನೆಯದೂ ಹೋದೀತೆಂಬ ಹೆದರಿಕೆಗೆ ನಾನು ಗಂಡನಿಗೂ ಹೇಳಿರಲಿಲ್ಲ, ಅವ್ವನಿಗೂ ಹೇಳಿರಲಿಲ್ಲ.