ಇಳಕಲ್ಲಿನ ಆಕಳು, ಗಿರಿಜಾಳ ನೀಲಿ ನೋಟ್‌ಬುಕ್

ಬಾಗಲಕೋಟೆಯಿಂದ ಇಳಕಲ್ಲಿಗೆ ಹೊರಟ ಬಸ್ಸಿನಲ್ಲಿ ಕಂಡಕ್ಟರ್ ನನ್ನಿಂದ ಪೂರ್ತಿ ದುಡ್ಡು ತೆಗೆದುಕೊಂಡು, ಪಕ್ಕದಲ್ಲಿದ್ದ ಗಿರಿಜಾಳಿಗೆ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ಹೆಂಗಸರಿಗೆ ಬಸ್ಸು ಪುಕ್ಕಟೆ ಎಂಬುದು ಗೊತ್ತಿದ್ದದ್ದೇ. ಆದರೂ ಆ ದಿನ ಅದಕ್ಕೂ ನನ್ನ ಹೊಟ್ಟೆ ಉರಿಯಿತು.

ನಾವಿಬ್ಬರೂ ದನಗಳ ರೋಗದ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತೇವೆ. ನಾನು ಹನ್ನೆರಡು ವರ್ಷದ ಹಳಬ. ಅವಳು ಬಂದು ಎರಡು ವರ್ಷ. ಉಣ್ಣಿ ಕಚ್ಚಿ ಆಕಳಿಗೆ ಜ್ವರ ತರುವ ಪರಾವಲಂಬಿ ಜೀವಿಯನ್ನು ಆಕಳ ಬಿಳಿ ರಕ್ತಕಣಗಳೊಳಗೆ ಶೀಶೆಯಲ್ಲಿ ಬೆಳೆಸುವುದು ನಮ್ಮ ಕೆಲಸ. ಲಸಿಕೆಗೆ ಅದು ಬೇಕು. ಆ ಕಣಗಳಿಗೆ ಕರುವಿನ ರಕ್ತದಿಂದ ತೆಗೆದ ಸೀರಮ್ಮೇ ಊಟ. ಅದು ಬಲು ದುಬಾರಿ; ಅದಿಲ್ಲದೆ ಬೆಳೆಸಬೇಕೆಂದು ನಮ್ಮ ಸಾಹೇಬರ ಹಟ. ನಾನು ಬೆಳೆಸಿದ್ದೆಲ್ಲ ಮೂರೇ ದಿನಕ್ಕೆ ಸತ್ತಿತು, ಅವಳದು ಬದುಕಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ; ನಾನು ಇನ್‌ಕ್ಯುಬೇಟರನ್ನು ಬೈದೆ. ಈಗ ಇಳಕಲ್ಲಿನ ಆಕಳೊಂದರ ರಕ್ತ ತಂದು ಇಬ್ಬರೂ ಅರ್ಧರ್ಧ ಬೆಳೆಸಬೇಕು. ಈ ಸಲವೂ ನನ್ನದು ಸತ್ತರೆ ಕೆಲಸವೆಲ್ಲ ಅವಳ ಕೈಗೆ ಎಂದು ಸಾಹೇಬರು ಹೇಳಿಬಿಟ್ಟಿದ್ದರು.

ಅಮೀನಗಡದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಗಿರಿಜಾ ಕರದಂಟು ತಂದು ದೊಡ್ಡ ತುಂಡನ್ನು ನನಗೇ ಕೊಟ್ಟಳು. ಬಹಳ ರುಚಿಯಾಗಿತ್ತು, ಆದರೆ ಬಾಯಿಬಿಟ್ಟು ಹೇಳಲಿಲ್ಲ. ಹುನಗುಂದ ದಾಟುವವರೆಗೂ ಬಿಸಿಲಿಗೆ ಮುಖ ಕೊಟ್ಟು ಕಿಟಕಿಯಾಚೆ ನೋಡುತ್ತ ಕುಳಿತೆ.

ಇಳಕಲ್ಲಿನ ಅಂಚಿನಲ್ಲಿ, ಗ್ರಾನೈಟ್ ಪಾಲಿಶ್ ಶೆಡ್ಡುಗಳ ಹಿಂದೆ ಪಾರವ್ವ ಎಂಬ ಮುದುಕಿಯ ಮನೆ. ಜ್ವರದ ಆಕಳು ತಲೆ ಇಳಿಬಿಟ್ಟು ನಿಂತಿತ್ತು. ದನದ ಡಾಕ್ಟರು ನಮಗೆ ರಕ್ತ ತೆಗೆದುಕೊಟ್ಟ ಮೇಲೆ ಅದಕ್ಕೆ ಸೂಜಿ ಹಾಕಿದರು. ಅತ್ತ ಪಾರವ್ವ ಅದರ ಕರುವಿಗೆ ಬೋಗುಣಿಯಲ್ಲಿ ಏನೋ ಕಲಸುತ್ತಿದ್ದಳು.

"ಹಾಲು ಬಿಡಿಸಾಕತ್ತೀಯೇನಬೇ?" ಎಂದಳು ಗಿರಿಜಾ.

"ತಾಯಿ ಹಾಲು ಬತ್ತೇತಿ, ಏನ್ ಮಾಡ್ಲೆವ್ವ? ಒಮ್ಮಿಗೇ ಬಿಡಿಸಿದ್ರ ಕರ ಉಳಿಯೂದಿಲ್ಲ. ಮಗ್ಗಲ ಮನ್ಯಾಗಿಂದ ಹಾಲು ತರ್ತೇನಿ. ದಿನಾ ಒಂದೀಟು ಹಾಲು ಕಡಿಮಿ, ಒಂದೀಟು ಅಂಬಲಿ ಜಾಸ್ತಿ."

"ಶೀಶೆದಾಗ ನಾನೂ ಹಿಂಗ ಮಾಡೇನಿ ನೋಡಬೇ," ಎಂದು ಗಿರಿಜಾ ನಕ್ಕಳು.

ಅವಳು ಸೀರಮನ್ನು ದಿನಾ ಒಂದಿಷ್ಟು ಇಳಿಸುತ್ತ ಬಂದಿದ್ದಳು. ನಾನು ಮೊದಲ ದಿನವೇ ಸೀರಮ್ ಪೂರ್ತಿ ನಿಲ್ಲಿಸಿದ್ದೆ. ಅವಳನ್ನು ಒಂದು ಮಾತು ಕೇಳಿದ್ದರೆ ಗೊತ್ತಾಗುತ್ತಿತ್ತು. ಕಿರಿಯಳನ್ನು ಕೇಳುವುದು ಹೇಗೆಂದು ಬಿಟ್ಟಿದ್ದೆ.

ಮರಳುವ ಬಸ್ಸಿನಲ್ಲಿ ರಕ್ತದ ಡಬ್ಬಿ ನನ್ನ ತೊಡೆಯ ಮೇಲಿತ್ತು. ಹುನಗುಂದದ ಹತ್ತಿರ ತಡೆಯಲಾರದೆ, "ಇದನ್ನ ನನಗ್ಯಾಕ ಹೇಳಲಿಲ್ಲ?" ಎಂದೆ.

"ಬರದು ಕೊಟ್ಟೇನಲ್ರಿ ಸರ. ಎರಡ ತಿಂಗಳಾತು. ನೀಲಿ ನೋಟ್‌ಬುಕ್ಕು, ನಿಮ್ಮ ಟೇಬಲ್ ಮ್ಯಾಲೇ ಐತಿ."

ಆ ನೋಟ್‌ಬುಕ್ ನನಗೆ ಗೊತ್ತಿತ್ತು. ದಿನಾ ಅದರ ಮೇಲೆಯೇ ನಾನು ಚಹಾದ ಕಪ್ಪು ಇಡುತ್ತಿದ್ದದ್ದು.

ಬಾಗಲಕೋಟೆಯ ಪ್ರಯೋಗಾಲಯ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಗಿರಿಜಾ ರಕ್ತವನ್ನು ಎರಡು ಪಾಲು ಮಾಡುವಾಗ ನಾನು ನೋಟ್‌ಬುಕ್ ತೆರೆದೆ. ರಟ್ಟಿನ ಮೇಲೆಲ್ಲ ಚಹಾದ ಕಲೆ. ಒಳಗೆ, ಯಾವ ದಿನ ಸೀರಮ್ ಎಷ್ಟು ಇಳಿಸಿದ್ದಳು ಎಂಬುದು ಗುಂಡಗಿನ ಅಕ್ಷರದಲ್ಲಿತ್ತು. ಕಡೆಯ ಸಾಲು ಹೀಗಿತ್ತು: "ಸರ್ ನೋಡಿ, ತಪ್ಪಿದ್ದರೆ ತಿದ್ದಬೇಕು."

"ತಪ್ಪಿಲ್ಲ" ಎಂದು ಬರೆದು ಸಹಿ ಹಾಕಿದೆ. ಹೊಟ್ಟೆಕಿಚ್ಚು ಹೋಗಿರಲಿಲ್ಲ. ಚಹಾದ ಕಪ್ಪನ್ನು ಮಾತ್ರ ಬೇರೆ ಕಡೆ ಇಟ್ಟೆ.